ವಿವಾಹ ವಿಚ್ಛೇದನದ ಆಧಾರಗಳು: ಸೋಡಚೀಟಿಯಿಂದ ಕುಟುಂಬ ನ್ಯಾಯಾಲಯದವರೆಗೆ

ಛಾಪಾ ಕಾಗದದ ಮೇಲೆ ಗಂಡಹೆಂಡಿರ ರುಜು, ಎರಡೂ ಕಡೆಯ ಹಿರಿಯರ ಸಾಕ್ಷಿ, ನೋಟರಿಯ ಮೊಹರು ಇವಿಷ್ಟು ಸೇರಿದರೆ ದಾಂಪತ್ಯ ಮುಗಿಯಿತೆಂಬ ನಂಬಿಕೆ ಹಳ್ಳಿಗಳಲ್ಲಿ ಮಾತ್ರವಲ್ಲ, ಬೆಂಗಳೂರಿನ ಬಡಾವಣೆಗಳೊಳಗೆ ಬೆರೆತುಹೋದ ಕತ್ರಿಗುಪ್ಪೆಯಂತಹ ಹಳೆಯ ಊರುಗಳಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಈ ನಂಬಿಕೆಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ಒಂದು ಪರಂಪರೆಯಿದೆ.

ಧರ್ಮಶಾಸ್ತ್ರಕಾರರು ವಿವಾಹವನ್ನು ಬಿಡಿಸಲಾಗದ ಸಂಸ್ಕಾರವೆಂದು ಭಾವಿಸಿದ್ದರೂ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಕುಲದ ಹಿರಿಯರ ಸಮ್ಮುಖದಲ್ಲಿ ಬಿಡುಗಡೆ ದೊರೆಯುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಅಂತಹ ಪತ್ರಕ್ಕೆ ಸೋಡಚೀಟಿಯೆಂದು ಹೆಸರು. ಬಿಡುಗಡೆ ಪಡೆದ ಹೆಣ್ಣು ಉಡಿಕೆ ಅಥವಾ ಕೂಡಿಕೆಯ ಮೂಲಕ ಮತ್ತೆ ಸಂಸಾರ ಹೂಡುತ್ತಿದ್ದಳು. ಶಾಸನವಾದರೂ ಏಕರೂಪವಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳಿಗೆ ಮುಂಬಯಿ ಪ್ರಾಂತದ 1947ರ ವಿಚ್ಛೇದನ ಕಾಯಿದೆಯೂ ದಕ್ಷಿಣ ಕನ್ನಡಕ್ಕೆ ಮದರಾಸಿನ 1949ರ ಕಾಯಿದೆಯೂ ಅನ್ವಯಿಸುತ್ತಿದ್ದವು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯ ಕಾಳಜಿ ಮುಖ್ಯವಾಗಿ ಆಸ್ತಿಯದಾಗಿತ್ತು.

1955ರ ಹಿಂದೂ ವಿವಾಹ ಕಾಯಿದೆ ಈ ವೈವಿಧ್ಯವನ್ನು ಒಂದುಗೂಡಿಸಿತಾದರೂ 29(2)ನೆಯ ಕಲಮಿನಲ್ಲಿ ರೂಢಿಗತ ವಿಚ್ಛೇದನಕ್ಕೆ ಎಡೆಯನ್ನು ಉಳಿಸಿತು. ಛಾಪಾ ಕಾಗದವನ್ನು ನೆಚ್ಚುವವರು ಆಶ್ರಯಿಸುವುದು ಇದನ್ನೇ. ಆದರೆ ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಸ್ಪಷ್ಟಪಡಿಸಿದಂತೆ, ಅಂತಹ ರೂಢಿ ಸಾಮಾನ್ಯ ಕಾನೂನಿಗೆ ಅಪವಾದವಾದುದರಿಂದ ಅದನ್ನು ಮುಂದೊಡ್ಡುವವರೇ ನಿರ್ದಿಷ್ಟವಾಗಿ ವಾದಿಸಿ ರುಜುವಾತುಪಡಿಸಬೇಕು. ರೂಢಿ ಸಿದ್ಧವಾಗದಿದ್ದರೆ ಪತ್ರಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆ ಅಸಿಂಧುವಾಗುತ್ತದೆ, ದ್ವಿಪತ್ನಿತ್ವದ ಅಪರಾಧವೂ ತಲೆದೋರುತ್ತದೆ. 16ನೆಯ ಕಲಮು ಮಕ್ಕಳಿಗೆ ಔರಸತ್ವವನ್ನು ನೀಡುತ್ತದೆಯೇ ಹೊರತು ಆ ಹೆಣ್ಣಿಗೆ ಪತ್ನಿಯ ಸ್ಥಾನವನ್ನಲ್ಲ. ಮೋಸವರಿಯದೆ ಕೈಹಿಡಿದವಳೇ ಇಲ್ಲಿ ಹೆಚ್ಚು ಕಳೆದುಕೊಳ್ಳುವವಳು.

ರೂಢಿಯಿಲ್ಲದವರಿಗೆ ಉಳಿಯುವುದು ನ್ಯಾಯಾಲಯದ ಡಿಕ್ರಿಯೊಂದೇ. 13ನೆಯ ಕಲಮಿನಂತೆ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಸತತ ಪರಿತ್ಯಾಗ, ಮತಾಂತರ, ವಾಸಿಯಾಗದ ಬುದ್ಧಿವಿಕಲತೆ, ಅಂಟುವ ಗುಹ್ಯರೋಗ, ಸಂನ್ಯಾಸ, ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಆಧಾರಗಳಾಗುತ್ತವೆ. ಕುಷ್ಠರೋಗವನ್ನು 2019ರಲ್ಲಿ ಕೈಬಿಡಲಾಯಿತು. ತಡವಾಗಿಯಾದರೂ ಆದದ್ದು ಒಳ್ಳೆಯದೇ. ಇವುಗಳಲ್ಲಿ ಕ್ರೌರ್ಯವು ವಿಶೇಷ ವಿವೇಚನೆಗೆ ಅರ್ಹವಾದುದು. 1976ರ ತಿದ್ದುಪಡಿಯವರೆಗೆ ಕ್ರೌರ್ಯ ಮತ್ತು ಪರಿತ್ಯಾಗಗಳಿಂದ ನ್ಯಾಯಿಕ ಪ್ರತ್ಯೇಕತೆ ಮಾತ್ರ ನೇರವಾಗಿ ದೊರೆಯುತ್ತಿತ್ತು. ಕ್ರೌರ್ಯವೆಂದರೇನೆಂದು ಕಾಯಿದೆ ಇಂದಿಗೂ ವಿವರಿಸಿಲ್ಲ. ಮೈಮೇಲಿನ ಬಾಸುಂಡೆಯೇ ಬೇಕೆಂದಿಲ್ಲ. ಮಾನಸಿಕ ಕ್ರೌರ್ಯದ ನಿದರ್ಶನಗಳನ್ನು ಸುಪ್ರೀಂ ಕೋರ್ಟು 2007ರಲ್ಲಿ ಉದಾಹರಿಸಿತಾದರೂ ಆ ಪಟ್ಟಿ ಸಮಗ್ರವಲ್ಲವೆಂದು ತಾನೇ ಹೇಳಿದೆ. ದಿನನಿತ್ಯದ ಸಣ್ಣಪುಟ್ಟ ಜಗಳ ಕ್ರೌರ್ಯವೆನಿಸದು.

ಪತ್ನಿಗೇ ಮೀಸಲಾದ ಆಧಾರಗಳಲ್ಲಿ ಒಂದು, ಹದಿನೈದು ತುಂಬುವ ಮುನ್ನ ಮದುವೆಯಾದವಳು ಹದಿನೈದಾದ ಮೇಲೆ, ಹದಿನೆಂಟರೊಳಗೆ ಆ ಮದುವೆಯನ್ನು ನಿರಾಕರಿಸಿರುವುದು. ಆ ವಯಸ್ಸಿನ ಹುಡುಗಿಗೆ ಇದನ್ನು ತಿಳಿಸಿ ಹೇಳುವವರು ಯಾರೆಂಬುದು ಬೇರೆಯ ಪ್ರಶ್ನೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನವೂ 1976ರಲ್ಲೇ ಬಂದಿತು. ಒಂದು ವರ್ಷ ಬೇರೆಯಾಗಿ ಬಾಳಿದವರು ಜಂಟಿಯಾಗಿ ಅರ್ಜಿ ಸಲ್ಲಿಸಿ ಆರು ತಿಂಗಳು ಕಾಯಬೇಕು. ಸೂಕ್ತ ಪ್ರಕರಣಗಳಲ್ಲಿ ಈ ಅವಧಿಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಮಾನವಾಯಿತು. ಆದರೆ ದಾಂಪತ್ಯವು ಸರಿಪಡಿಸಲಾಗದಂತೆ ಮುರಿದುಬಿದ್ದಿದೆಯೆಂಬುದು ತಾನಾಗಿ ಕಾಯಿದೆಯ ಆಧಾರವಲ್ಲ. ಕಾನೂನು ಆಯೋಗ 1978 ಮತ್ತು 2009ರಲ್ಲಿ ಶಿಫಾರಸು ಮಾಡಿತು. 2013ರಲ್ಲಿ ರಾಜ್ಯಸಭೆ ಅಂಗೀಕರಿಸಿದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2023ರ ಸಂವಿಧಾನ ಪೀಠದ ತೀರ್ಪಿನಂತೆ ಈ ಕಾರಣಕ್ಕೆ ಬಿಡುಗಡೆ ನೀಡುವ ಅಧಿಕಾರ 142ನೆಯ ಅನುಚ್ಛೇದದ ಅಡಿಯಲ್ಲಿ ಸುಪ್ರೀಂ ಕೋರ್ಟಿನದು, ಕುಟುಂಬ ನ್ಯಾಯಾಲಯದ್ದಲ್ಲ.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬುದು ಹೆಣ್ಣುಮಕ್ಕಳ ಪಾಲಿಗೆ ಚಿಕ್ಕ ಸಂಗತಿಯಲ್ಲ. 2003ರ ತಿದ್ದುಪಡಿಯಿಂದಾಗಿ ಪತ್ನಿಯು ತಾನು ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಹೋಗಬಹುದು. ಮದುವೆ ಹುಬ್ಬಳ್ಳಿಯಲ್ಲಿ ನಡೆದು ಸಂಸಾರ ಬೇರೆಲ್ಲೋ ಸಾಗಿದ್ದರೂ, ಕತ್ರಿಗುಪ್ಪೆಯ ತವರಿಗೆ ಮರಳಿ ನೆಲೆಸಿದವಳು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕುಟುಂಬ ನ್ಯಾಯಾಲಯದಲ್ಲಿ ತನ್ನ ಅರ್ಜಿಯನ್ನು ಸಲ್ಲಿಸಲು ಹಕ್ಕುಳ್ಳವಳು.