ನಗರ ಕೊಟ್ಟ ಮಾತಿಗೆ ದುಡ್ಡು ಎಲ್ಲಿಂದ?

1975ರ ಅಕ್ಟೋಬರ್ 17, ಶುಕ್ರವಾರ. ಆ ದಿನ ನ್ಯೂಯಾರ್ಕ್ ನಗರ ತೀರಿಸಲೇಬೇಕಿದ್ದ ಸಾಲ 45.3 ಕೋಟಿ ಡಾಲರ್, ಬೊಕ್ಕಸದಲ್ಲಿದ್ದದ್ದು 3.4 ಕೋಟಿ. ನಗರ ದಿವಾಳಿಯಾಗಿದೆ ಎಂದು ಸಾರುವ ಹೇಳಿಕೆಯನ್ನು ಮೇಯರ್ ಏಬ್ರಹಾಂ ಬೀಮ್ ಅವರ ಕಡೆಯವರು ಬರೆದಿಟ್ಟುಕೊಂಡಿದ್ದರು. ಕೊರತೆ ತುಂಬಲು ಬೇಕಿದ್ದ ಕೊನೆಯ 15 ಕೋಟಿ ಡಾಲರ್ ಇದ್ದದ್ದು ಶಾಲಾ ಶಿಕ್ಷಕರ ಪಿಂಚಣಿ ನಿಧಿಯಲ್ಲಿ. ನಗರಕ್ಕಾಗಿ ಹೊರಡಿಸಿದ ಬಾಂಡ್‌ಗಳನ್ನು ಆ ಹಣದಿಂದ ಕೊಳ್ಳಲು ಶಿಕ್ಷಕರ ಪ್ರತಿನಿಧಿಗಳು ಮೊದಲು ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಂಘದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ಮನಸ್ಸು ಬದಲಿಸಿದರು. ಮುಪ್ಪಿನ ಕಾಲಕ್ಕೆಂದು ಮೇಷ್ಟ್ರುಗಳು ಕೂಡಿಟ್ಟ ಹಣ, ಅವರಿಗೆ ಸಂಬಳ ಕೊಡಬೇಕಾದ ನಗರವನ್ನೇ ಉಳಿಸಿತು.

ಪೌರ ನೌಕರರ ಸಂಬಳ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಲ್ಲಿಯವರೆಗೆ ಲೆಕ್ಕಪತ್ರದವರ ಕೆಲಸವಾಗಿತ್ತು. ಅಂದಿನಿಂದ ಅದು ಎಲ್ಲರ ಚಿಂತೆಯಾಯಿತು.

ನ್ಯೂಯಾರ್ಕಿನಲ್ಲಿ ನೌಕರರ ಸಂಘಗಳಿಗೆ ನಗರಾಡಳಿತದೊಂದಿಗೆ ಕೂತು ಚೌಕಾಸಿ ಮಾಡುವ ಹಕ್ಕು ಸಿಕ್ಕಿದ್ದು 1958ರಲ್ಲಿ, ಮೇಯರ್ ರಾಬರ್ಟ್ ವ್ಯಾಗ್ನರ್ ಹೊರಡಿಸಿದ ಆದೇಶದಿಂದ. 1967ರಲ್ಲಿ ರಾಜ್ಯ ಸರ್ಕಾರ ಟೇಲರ್ ಕಾಯ್ದೆ ತಂದು ಸಂಘಗಳನ್ನು ಮಾನ್ಯ ಮಾಡಿತು. ಮುಷ್ಕರವನ್ನು ಮಾತ್ರ ನಿಷೇಧಿಸಿತು. ಒಂದು ದಿನ ಮುಷ್ಕರ ಹೂಡಿದರೆ ಆ ದಿನದ ಸಂಬಳವೂ ಇಲ್ಲ, ಅದರ ಮೇಲೆ ಇನ್ನೊಂದು ದಿನದ ಸಂಬಳ ದಂಡ. ಸಂಬಳ, ಪಿಂಚಣಿ ಏರಿದವು. ಆದರೆ ನಗರ ಮುಳುಗಿದ್ದಕ್ಕೆ ಸಂಬಳವೊಂದೇ ಕಾರಣವೆನ್ನುವುದು ಅನ್ಯಾಯ. ಕಾರ್ಖಾನೆಗಳು ಊರು ಬಿಟ್ಟಿದ್ದವು, ಮಧ್ಯಮ ವರ್ಗದವರು ಹೊರವಲಯದ ಬಡಾವಣೆಗಳಿಗೆ ಹೋಗಿದ್ದರು. ತೆರಿಗೆ ಸೊರಗಿತ್ತು, ಖರ್ಚು ಸೊರಗಿರಲಿಲ್ಲ. ನಿಜವಾದ ತಪ್ಪು ಲೆಕ್ಕದ ಪುಸ್ತಕದಲ್ಲಿತ್ತು: ಸೇತುವೆ, ಶಾಲಾ ಕಟ್ಟಡಗಳಿಗೆಂದು ಎತ್ತಿದ ಸಾಲದಲ್ಲಿ ದಿನನಿತ್ಯದ ಖರ್ಚನ್ನು ತೂಗಿಸಲಾಗುತ್ತಿತ್ತು. ಬಂದೇ ಬರುತ್ತದೆಂಬ ಖಾತ್ರಿಯಿಲ್ಲದ ತೆರಿಗೆಯನ್ನು ಆಧಾರವಾಗಿ ತೋರಿಸಿ ಕೈಗಡ ತರಲಾಗುತ್ತಿತ್ತು. ಆ ಸಾಲವನ್ನು ತೀರಿಸಲು ಮತ್ತೆ ಸಾಲ.

ಬೆಲೆ ತೆತ್ತವರು ಕೆಲಸಗಾರರು. ಸಾವಿರಾರು ಪೊಲೀಸರು, ಶಿಕ್ಷಕರು, ಕಸ ಸಾಗಿಸುವವರು ಕೆಲಸ ಕಳೆದುಕೊಂಡರು. 1975ರ ಜುಲೈ ಮೊದಲ ದಿನವೇ ಕಸದ ಲಾರಿಯವರು ಕೆಲಸ ನಿಲ್ಲಿಸಿದ್ದರಿಂದ ಬೀದಿಗಳಲ್ಲಿ ರಾಶಿ ಬಿದ್ದಿತು. ಸಂಬಳ ಏರಿಕೆಗೆ ತಡೆ ಬಿತ್ತು. ಅಲ್ಲಿಯವರೆಗೆ ಬೋಧನಾ ಶುಲ್ಕವೇ ಇಲ್ಲದೆ ಕಲಿಸುತ್ತಿದ್ದ ನಗರದ ವಿಶ್ವವಿದ್ಯಾಲಯ 1976ರಿಂದ ಶುಲ್ಕ ವಸೂಲಿಗೆ ತೊಡಗಿತು.

ಆ ಪೆಟ್ಟು ಕಲಿಸಿದ ಶಿಸ್ತು ಈಗ ಕಾನೂನಾಗಿದೆ. ನಗರದ ಬಜೆಟ್ ಪ್ರತಿ ವರ್ಷ ಸರಿದೂಗಲೇಬೇಕು. ಬರುವ ವರ್ಷದ ಲೆಕ್ಕ ಮಾತ್ರವಲ್ಲ, ನಾಲ್ಕು ವರ್ಷಗಳ ಮುಂದಾಲೋಚನೆಯನ್ನೂ ಬರೆದು ತೋರಿಸಬೇಕು. ಸಂಬಳದ ಒಪ್ಪಂದಕ್ಕೆ ಈ ನಾಲ್ಕು ವರ್ಷದ ಲೆಕ್ಕವೇ ಜೀವಾಳ. ಕಾರಣ ಸರಳ. ನೂರು ಕೋಟಿ ಸಂಬಳ ಕೊಡುವ ಊರು ವರ್ಷಕ್ಕೆ ಶೇ 3ರಂತೆ ಐದು ವರ್ಷ ಏರಿಸಿತೆನ್ನಿ. ಐದನೆಯ ವರ್ಷದ ಸಂಬಳ ಸುಮಾರು 116 ಕೋಟಿ ಆಗುತ್ತದೆ, ಮತ್ತೆಂದೂ ನೂರಕ್ಕೆ ಇಳಿಯುವುದಿಲ್ಲ. ಸಂಬಳ ಏರಿದಂತೆ ಪಿಂಚಣಿಯ ಹೊರೆಯೂ ಏರುತ್ತದೆ. ರಸ್ತೆಗೆ ಡಾಂಬರು ಹಾಕಿದ ಖರ್ಚು ಒಮ್ಮೆ ಮುಗಿಯುತ್ತದೆ. ಸಂಬಳದ ಏರಿಕೆ ಪ್ರತಿ ತಿಂಗಳೂ ಬಾಗಿಲಿಗೆ ಬರುತ್ತದೆ.

ಸಂಘಗಳೊಂದಿಗೆ ಮಾತುಕತೆಗೆ ಕೂರುವವರು ಯಾರು? ನ್ಯೂಯಾರ್ಕಿನಲ್ಲಿ ಮೇಯರ್ ಕಡೆಯ ಕಾರ್ಮಿಕ ಸಂಬಂಧಗಳ ಕಚೇರಿ. 51 ಸದಸ್ಯರ ನಗರ ಕೌನ್ಸಿಲ್ ಆ ಮೇಜಿನ ಮುಂದೆ ಇರುವುದಿಲ್ಲ. ಜುಲೈ 1ರಿಂದ ಶುರುವಾಗುವ ಹಣಕಾಸು ವರ್ಷದ ಬಜೆಟ್‌ಗೆ ಒಪ್ಪಿಗೆ ಕೊಡುವುದು ಮಾತ್ರ ಕೌನ್ಸಿಲ್ಲೇ. ಆ ಬಜೆಟ್‌ನಲ್ಲಿ, ಇನ್ನೂ ಕುದುರದ ಒಪ್ಪಂದಗಳಿಗೆಂದು ಒಂದು ಗಂಟನ್ನು ಮೊದಲೇ ತೆಗೆದಿಡುತ್ತಾರೆ. ಮದುವೆ ಗೊತ್ತಾಗುವ ಮುಂಚೆಯೇ ಮನೆಯವರು ಚೀಟಿ ಹಾಕಿ ಹಣ ಕೂಡಿಸಿದಂತೆ. ಒಂದು ದೊಡ್ಡ ಸಂಘದೊಂದಿಗೆ ಕುದುರಿದ ದರವೇ ಉಳಿದ ಸಂಘಗಳಿಗೂ ಮಾದರಿಯಾಗುವುದು ಅಲ್ಲಿನ ವಾಡಿಕೆ. ಹಾಗಾಗಿ ಮೊದಲ ಸಹಿ ಬಿದ್ದ ದಿನವೇ ಆ ಗಂಟು ಸಾಲುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಗಂಟೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2014ರಲ್ಲಿ ನಗರ ಕಂಡಿತು. ಬಿಲ್ ಡಿ ಬ್ಲಾಸಿಯೊ ಮೇಯರ್ ಆದಾಗ ಹೆಚ್ಚುಕಡಿಮೆ ಎಲ್ಲ ಸಂಘಗಳ ಒಪ್ಪಂದಗಳೂ ಅವಧಿ ಮೀರಿದ್ದವು. ಶಿಕ್ಷಕರ ಒಪ್ಪಂದ 2009ರಲ್ಲೇ ಮುಗಿದಿತ್ತು. ಹಳೆಯ ಒಪ್ಪಂದ ಮುಗಿದರೂ ಹೊಸದು ಆಗುವವರೆಗೆ ಅದರ ಷರತ್ತುಗಳು ಮುಂದುವರಿಯಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಸಂಬಳ ನಿಲ್ಲಲಿಲ್ಲ, ಸಂಘಕ್ಕೆ ಸಿಗಬೇಕಿದ್ದ ಹೊಸ ಏರಿಕೆ ನಿಂತಿತು. ಮೇ ತಿಂಗಳಲ್ಲಿ ಶಿಕ್ಷಕರೊಂದಿಗೆ ಒಂಬತ್ತು ವರ್ಷಗಳ ಒಪ್ಪಂದವಾಯಿತು: ಒಟ್ಟು ಶೇ 18ರ ಏರಿಕೆ. ಹಳೆಯ ವರ್ಷಗಳ ಬಾಕಿಯನ್ನು, ನಮ್ಮ ಸರ್ಕಾರಿ ನೌಕರರ ಮಾತಲ್ಲಿ ಅರಿಯರ್ಸನ್ನು, ಒಂದೇ ಸಲ ಕೊಡಲು ಹಣವಿರಲಿಲ್ಲ. 2020ರವರೆಗೆ ಕಂತು ಹಾಕಿದರು. ಕೊನೆಯ ಕಂತಿನ ಹೊತ್ತಿಗೆ ಕೋವಿಡ್ ಬಂತು. ಸುಮಾರು 90 ಕೋಟಿ ಡಾಲರ್ ಈಗ ಕೊಡಲಾಗದೆಂದು ನಗರ ಕೈಚೆಲ್ಲಿತು. ಮಧ್ಯಸ್ಥಗಾರರ ಬಳಿ ಹೋಗಿ, ಅರ್ಧ ಆಗಲೇ, ಅರ್ಧ ಮರುವರ್ಷದ ಜುಲೈನಲ್ಲಿ ಎಂದು ತೀರ್ಮಾನವಾಯಿತು. ಹತ್ತು ವರ್ಷದ ಹಿಂದೆ ಪಾಠ ಹೇಳಿದ ದಿನಗಳ ಸಂಬಳಕ್ಕೆ 2021ರವರೆಗೆ ಕಾಯಬೇಕಾಯಿತು. ಆ ನಡುವೆ ಎಷ್ಟು ಮನೆಗಳ ಲೆಕ್ಕ ಏರುಪೇರಾಗಿರಬೇಡ!

ಇನ್ನು ಅನುದಾನದ ಮಾತು. ಅನುದಾನ ಬಂತೆಂದರೆ ಊರಿಗೆ ಹಬ್ಬವೇ ಸರಿ, ಆದರೆ ಅದಕ್ಕೆ ಕೊನೆಯ ದಿನಾಂಕವಿರುತ್ತದೆ. 1994ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ಪೊಲೀಸರ ನೇಮಕಕ್ಕೆ ನಗರಗಳಿಗೆ ನೆರವು ಕೊಡತೊಡಗಿತು. ಒಬ್ಬ ಪೊಲೀಸಿನ ಸಂಬಳದ ಮುಕ್ಕಾಲು ಭಾಗದವರೆಗೆ, ಮೂರು ವರ್ಷಕ್ಕೆ, ಹೆಚ್ಚೆಂದರೆ 75 ಸಾವಿರ ಡಾಲರ್. ನಾಲ್ಕನೆಯ ವರ್ಷ ಪೊಲೀಸ್ ಇರುತ್ತಾನೆ, ಅನುದಾನ ಇರುವುದಿಲ್ಲ. ಕೋವಿಡ್ ನಂತರ ರಾಜ್ಯಗಳಿಗೆ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಹರಿದ 35,000 ಕೋಟಿ ಡಾಲರಿನ ಕಥೆಯೂ ಇದೇ. ಆ ಹಣವನ್ನು 2024ರ ಕೊನೆಯೊಳಗೆ ಯಾವುದಕ್ಕೆಂದು ಗೊತ್ತುಮಾಡಬೇಕಿತ್ತು, ಖರ್ಚು ಮಾಡಲು 2026ರ ಕೊನೆಯವರೆಗೆ ಗಡುವು. ಅದನ್ನು ನಂಬಿ ಕಾಯಂ ಕೆಲಸಗಾರರನ್ನು ತೆಗೆದುಕೊಂಡ ಊರುಗಳು ಈಗ ಆ ಸಂಬಳಕ್ಕೆ ಸ್ವಂತ ತೆರಿಗೆಯನ್ನೇ ಹುಡುಕಬೇಕಾಗಿದೆ.

ಕೌನ್ಸಿಲ್ ಅನುದಾನ ಪಡೆಯುವುದಷ್ಟೇ ಅಲ್ಲ, ಕೊಡುತ್ತದೆ ಕೂಡ. ನ್ಯೂಯಾರ್ಕಿನ ಪ್ರತಿ ಸದಸ್ಯರ ಪಾಲಿಗೂ ಒಂದಿಷ್ಟು ವಿವೇಚನಾ ನಿಧಿ ಇರುತ್ತದೆ. ವೃದ್ಧರ ಊಟದ ಕೇಂದ್ರ, ಮಕ್ಕಳ ಸಂಜೆ ತರಗತಿ, ವಲಸಿಗರ ಕಾನೂನು ಸಹಾಯ ಇವೆಲ್ಲ ಅದರಿಂದ ನಡೆಯುತ್ತವೆ. 2008ರಲ್ಲಿ ಈ ನಿಧಿಯ ಒಂದು ಪಾಲನ್ನು ಅಸ್ತಿತ್ವದಲ್ಲೇ ಇಲ್ಲದ ಸಂಸ್ಥೆಗಳ ಹೆಸರಲ್ಲಿ ಎತ್ತಿಟ್ಟದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಪರಿಶೀಲನೆ ಬಿಗಿಯಾಯಿತು. ಇಂಥ ಸೇವಾ ಸಂಸ್ಥೆಗಳಲ್ಲಿ ದುಡಿಯುವವರು ನಗರದ ಹಣದಿಂದಲೇ ಸಂಬಳ ಪಡೆದರೂ ನಗರದ ನೌಕರರಲ್ಲ. ಪೌರ ನೌಕರರ ಒಪ್ಪಂದದ ಏರಿಕೆ ಅವರಿಗೆ ತಾನಾಗಿ ಸಿಗುವುದಿಲ್ಲ. 2024ರಲ್ಲಿ ಅಂಥ ಸುಮಾರು 80 ಸಾವಿರ ಮಂದಿಗೆ ಮೂರು ವರ್ಷದಲ್ಲಿ ಶೇ 9ಕ್ಕೂ ಹೆಚ್ಚು ಏರಿಕೆ ಕೊಡಲು 74.1 ಕೋಟಿ ಡಾಲರ್ ಬೇರೆಯಾಗಿಯೇ ತೆಗೆದಿಡಬೇಕಾಯಿತು.

ಲಾಸ್ ಏಂಜಲೀಸ್‌ನ ಪದ್ಧತಿ ಬೇರೆ. ಅಲ್ಲಿ 15 ಸದಸ್ಯರ ಕೌನ್ಸಿಲ್ಲೇ ಸಂಬಳದ ಒಪ್ಪಂದಗಳಿಗೆ ಅನುಮೋದನೆ ಕೊಡುತ್ತದೆ. ಸಂಬಳ ಏರಿಸಲು ಕೈ ಎತ್ತಿದವರೇ 2025ರಲ್ಲಿ ಸುಮಾರು 100 ಕೋಟಿ ಡಾಲರಿನ ಕೊರತೆಯನ್ನು ಎದುರಿಸಬೇಕಾಯಿತು. ಹೊಸ ಏರಿಕೆ ಒಂದು ಕಾರಣ. ಮೊಕದ್ದಮೆಗಳಲ್ಲಿ ಸೋತು ತೆರಬೇಕಾದ ಪರಿಹಾರ, ಕುಗ್ಗಿದ ತೆರಿಗೆ ಇನ್ನೆರಡು. ಮೇಯರ್ ಕ್ಯಾರನ್ ಬಾಸ್ 1,647 ಜನರನ್ನು ಕೆಲಸದಿಂದ ತೆಗೆಯುವ ಪ್ರಸ್ತಾವ ಮುಂದಿಟ್ಟರು. ಕೌನ್ಸಿಲ್ ಆ ಸಂಖ್ಯೆಯನ್ನು ತುಂಬ ಇಳಿಸಿತು.

ಮಾತು ಪೂರ್ತಿ ಮುರಿದುಬಿದ್ದ ಊರು ಡೆಟ್ರಾಯಿಟ್. 2013ರ ಜುಲೈ 18ರಂದು ಸುಮಾರು 1,800 ಕೋಟಿ ಡಾಲರ್ ಹೊರೆಯೊಂದಿಗೆ ಅದು ದಿವಾಳಿ ಅರ್ಜಿ ಹಾಕಿತು. ಮಾರಿ ಹಣ ಮಾಡಬಹುದಾದ ಆಸ್ತಿಯೆಂದು ಸಾಲ ಕೊಟ್ಟವರು ಬೆರಳು ತೋರಿಸಿದ್ದು ಕಲಾ ಸಂಗ್ರಹಾಲಯವನ್ನು. ವ್ಯಾನ್ ಗೋ ತನ್ನನ್ನೇ ಚಿತ್ರಿಸಿಕೊಂಡ ಕೃತಿಯೂ ಇರುವ ಮನೆ ಅದು. ಒಂದು ಕಡೆ ಚಿತ್ರಗಳು, ಇನ್ನೊಂದು ಕಡೆ ನಿವೃತ್ತ ನೌಕರರ ಪಿಂಚಣಿ. ಎರಡನ್ನೂ ಉಳಿಸಿದ್ದು ಅನುದಾನ. ದತ್ತಿ ಸಂಸ್ಥೆಗಳು 36.6 ಕೋಟಿ ಡಾಲರ್ ಕೊಡಲು ಮುಂದೆ ಬಂದವು, ಮಿಶಿಗನ್ ರಾಜ್ಯವೂ ಸಂಗ್ರಹಾಲಯದ ದಾನಿಗಳೂ ಕೈಜೋಡಿಸಿದರು. ಆ ಹಣವನ್ನು ಪಿಂಚಣಿಗಷ್ಟೇ ಬಳಸಬೇಕೆಂಬ ಷರತ್ತು ಹಾಕಿ, ಚಿತ್ರಗಳನ್ನು ನಗರದ ಒಡೆತನದಿಂದ ಬಿಡಿಸಿ ಸ್ವತಂತ್ರ ಸಂಸ್ಥೆಗೆ ಒಪ್ಪಿಸಿದರು. ಆದರೂ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ 4.5 ಕಡಿತವಾಯಿತು; ಬೆಲೆ ಏರಿದಂತೆ ಸಿಗುತ್ತಿದ್ದ ಹೆಚ್ಚಳ ಪೂರ್ತಿ ನಿಂತಿತು.

ನಮ್ಮಲ್ಲಿ ಪೌರಕಾರ್ಮಿಕರ ಸಂಬಳ ಹೀಗೆ ಸಂಘದೊಂದಿಗಿನ ಒಪ್ಪಂದದಿಂದ ನಿಗದಿಯಾಗುವುದಿಲ್ಲ. ದರ ಗೊತ್ತುಮಾಡುವುದು ರಾಜ್ಯ ಸರ್ಕಾರ, ಪುರಸಭೆ ನಗರಸಭೆಗಳ ಸಂಬಳಕ್ಕೆ ಮುಖ್ಯ ಆಸರೆ ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆದಾರನ ಕೈಯಿಂದ ಬಿಡಿಸಿಕೊಂಡು ನೇರ ಪಾವತಿಗೆ ಬಂದರು, ಕಾಯಂ ಮಾಡಿ ಎಂದು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಬೀದಿಯಲ್ಲಿ ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರ ಕೈಗೆ ನೇಮಕಾತಿ ಪತ್ರ ಬಂತು. ಹಕ್ಕಿನದೇ ಪತ್ರ, ತಡವಾಗಿ ಬಂದದ್ದು. ಅವರ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಸಂಬಳಕ್ಕೆ ಎಷ್ಟು ತೆಗೆದಿಟ್ಟಿದ್ದೀರಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಲು ಅಂದು ಬೆಂಗಳೂರಿನಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು.