ಕಾಲೇಜಿಗೆ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ರಾಶಿಯೊಳಗೆ ಕೈಹಾಕಿ ನೋಡಿ



ಪಿಯುಸಿ ಫಲಿತಾಂಶ ಬಂದು ಡಿಗ್ರಿ ಕಾಲೇಜುಗಳ ದಾಖಲಾತಿ ಶುರುವಾದರೆ ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ನನಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಕಳೆದ ವಾರ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುವ ಸಹೋದರರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಲೇ ಕೇಳಿದರು: "ಹಜ್ರತ್, ಮಗಳು ಬಿಸಿಎ ಸೇರಿದ್ದಾಳೆ. ಲ್ಯಾಪ್‌ಟಾಪ್ ಬೇಕೇ ಬೇಕಂತೆ. ಅಂಗಡಿಯವರು ಬಡ್ಡಿ ಇಲ್ಲದ ಇಎಂಐ ಮಾಡಿಕೊಡ್ತೀವಿ ಅಂತಾರೆ. ತಗೋಬಹುದಾ?"

ಅವರ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಯಾವ ಯಂತ್ರ ತೆಗೆದುಕೊಳ್ಳಬೇಕು ಎಂಬುದು ಒಂದು, ಹಣ ಹೇಗೆ ಕಟ್ಟಬೇಕು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಹೇಳುವುದು ಅಗತ್ಯ. ಏಕೆಂದರೆ ಇದು ಸಣ್ಣ ಮೊತ್ತವಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಏರುತ್ತದೆ, ಇಳಿಯುತ್ತದೆ. ಆದರೆ ಬೆಂಬಲ ಬೆಲೆಯ ಲೆಕ್ಕದಲ್ಲಿ 40,000 ರೂಪಾಯಿಯ ಲ್ಯಾಪ್‌ಟಾಪ್ ಎಂದರೆ ಮೂರು ಕ್ವಿಂಟಲ್‌ಗೂ ಹೆಚ್ಚು ಕೊಬ್ಬರಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯ್ದ ಬೆಳೆ ಅದು. ತೋಟವಿಲ್ಲದ ಕೂಲಿ ಮನೆಗಂತೂ ಅದು ತಿಂಗಳುಗಳ ದುಡಿಮೆ.

ಪ್ರವಾದಿ(ಸ)ರವರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಳಿಸಿ, ಮೇಲೆ ಒಣಗಿ ಕಾಣುತ್ತಿದ್ದ ರಾಶಿಯ ಒಳಗೆ ತೇವವಿರುವುದನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಆ ಪಾಠ ಮಾರುವವನಿಗೆ ಮೀಸಲಲ್ಲ, ಕೊಳ್ಳುವವನಿಗೂ ಇದೆ. ನಮ್ಮ ಸೀಮೆಯವರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳದೆ ಕೊಬ್ಬರಿ ಆಗಿದೆ ಎಂದು ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ವಿಷಯದಲ್ಲಿ ಮಾತ್ರ ಹೊಳೆಯುವ ಮುಚ್ಚಳ ನೋಡಿ ಹಣ ಎಣಿಸುತ್ತೇವೆ.

ನಾನೇ ಮಾಡಿದ ತಪ್ಪು

ಇದನ್ನು ಬರೆಯುವ ಹಕ್ಕು ನನಗೆ ಬಂದಿರುವುದು ಜಾಣತನದಿಂದಲ್ಲ, ಪೆಟ್ಟು ತಿಂದು. ಹಿರಿಯ ಮಗಳು ಬಿ.ಕಾಂ. ಸೇರಿದಾಗ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟೆ. ತೆಳ್ಳಗೆ ಚೆಂದವಿತ್ತು. ಒಳಗಿದ್ದದ್ದು 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ತೀರಾ ಕೆಳದರ್ಜೆಯ ಪ್ರೊಸೆಸರ್. ಎರಡು ಅಪ್‌ಡೇಟ್ ಬರುವಷ್ಟರಲ್ಲಿ ಜಾಗ ತುಂಬಿತು. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಕೊನೆಗೆ ಪ್ರಾಜೆಕ್ಟ್ ವರದಿಯನ್ನು ನನ್ನ ಮೊಬೈಲಿನಲ್ಲಿ ಬೆರಳಿನಿಂದ ಒತ್ತಿ ಒತ್ತಿ ಬರೆದಳು. "ಅಬ್ಬಾ, ಮೆಷಿನ್ ಚೆನ್ನಾಗಿದೆ, ನನಗೇ ಸರಿಯಾಗಿ ಬರಲ್ಲ" ಎಂದು ನನ್ನ ಮನಸ್ಸು ನೋಯದಂತೆ ಹೇಳಿದಳು. ಉಳಿಸಿದೆ ಅಂದುಕೊಂಡ ಹಣ ಪೂರ್ತಿ ನೀರಿಗೆ ಹೋಗಿತ್ತು.

ದುಂದುವೆಚ್ಚವನ್ನು ಇಸ್ಲಾಂ ತಡೆಯುತ್ತದೆ. ಅಗತ್ಯಕ್ಕಿಂತ ದೊಡ್ಡದನ್ನು ತರುವುದು ದುಂದು. ಕೆಲಸಕ್ಕೆ ಬಾರದ್ದನ್ನು ಅಗ್ಗವೆಂದು ತರುವುದೂ ದುಂದೇ.

ಮೊದಲು ಕೋರ್ಸ್ ನೋಡಿ

ಬಿ.ಎ., ಬಿ.ಕಾಂ. ಮಕ್ಕಳಿಗೆ ಬೇಕಾಗುವುದು ಬರವಣಿಗೆ, ಎಕ್ಸೆಲ್, ಟ್ಯಾಲಿ, ಆನ್‌ಲೈನ್ ತರಗತಿ. ಇದಕ್ಕೆ ಸಾಧಾರಣ ಯಂತ್ರ ಸಾಕು. ಬಿಸಿಎ, ಕಂಪ್ಯೂಟರ್ ಸೈನ್ಸ್ ಮಕ್ಕಳು ಜಾವಾ, ಪೈಥಾನ್, ಡೇಟಾಬೇಸ್ ಒಟ್ಟೊಟ್ಟಿಗೆ ತೆರೆಯುತ್ತಾರೆ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊ ತೆರೆದರೆ 8 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ, ಅವರಿಗೆ 16 ಜಿಬಿ ಬೇಕು. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಮಕ್ಕಳ ಮೂರು ಆಯಾಮದ ಚಿತ್ರಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಬೇಕಾಗಬಹುದು. ಅಂಥವರು ಕಾಲೇಜು ಶುರುವಾಗಿ ಒಂದು ತಿಂಗಳಾದ ಮೇಲೆ ಉಪನ್ಯಾಸಕರನ್ನೂ ಹಿರಿಯ ವಿದ್ಯಾರ್ಥಿಗಳನ್ನೂ ಕೇಳಿಯೇ ಕೊಳ್ಳಲಿ. ಕ್ರೋಮ್‌ಬುಕ್ ಎಂಬುದು ಅಗ್ಗಕ್ಕೆ ಸಿಗುತ್ತದೆ, ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

ಒಳಗೆ ಏನಿದೆ?

ಸಂಗ್ರಹ: ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹೀಗಾಗಿ ವೇಗ ಬಹಳ ಹೆಚ್ಚು, ಬಸ್ಸಿನ ಕುಲುಕಾಟಕ್ಕೂ ಹೆದರುವುದಿಲ್ಲ. 512 ಜಿಬಿ ಎಸ್‌ಎಸ್‌ಡಿ ಒಳ್ಳೆಯದು, 256 ಜಿಬಿಗಿಂತ ಕೆಳಗೆ ಬೇಡ. 'ಇಎಂಎಂಸಿ' ಎಂದು ಬರೆದಿದ್ದರೆ ಅದು ಎಸ್‌ಎಸ್‌ಡಿ ಅಲ್ಲ, ನಿಧಾನ.

ರ‍್ಯಾಮ್: ಕನಿಷ್ಠ 8 ಜಿಬಿ, ಸಾಧ್ಯವಾದರೆ 16. ವಿಂಡೋಸ್ 11 ಅಳವಡಿಸಲು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ಅದು ತೆರೆಯಲು ಸಾಕು, ದುಡಿಯಲು ಸಾಲದು. "ಮುಂದೆ ರ‍್ಯಾಮ್ ಹೆಚ್ಚಿಸಲು ಒಳಗೆ ಜಾಗ ಇದೆಯೇ?" ಎಂದು ಕೇಳಿ. ಕೆಲವು ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮತ್ತೆ ಸೇರಿಸಲಾಗದು.

ಪ್ರೊಸೆಸರ್: ಇಲ್ಲಿ ಹೆಸರಿಗಿಂತ ಸಂಖ್ಯೆ ಮುಖ್ಯ. ಇಂಟೆಲ್‌ನ ಐ3-1215ಯು ಎಂಬಲ್ಲಿ ಮೊದಲ ಎರಡು ಅಂಕಿ 12 ಎಂದರೆ ಹನ್ನೆರಡನೆಯ ಪೀಳಿಗೆ. ಹನ್ನೆರಡನೆಯ ಪೀಳಿಗೆಯ ಐ3 ಹಳೆಯ ಏಳನೆಯ ಪೀಳಿಗೆಯ ಐ5ಗಿಂತ ಚುರುಕು. ಆದ್ದರಿಂದ "ಐ5 ಇದೆ" ಎಂದಷ್ಟೇ ಹೇಳಿದರೆ ಒಪ್ಪಬೇಡಿ. ಎಎಂಡಿಯ ರೈಜನ್‌ನಲ್ಲಿಯೂ ಇದೇ ಸೂಕ್ಷ್ಮವಿದೆ. ರೈಜನ್ 5 7520ಯು ಮತ್ತು ರೈಜನ್ 5 7530ಯು ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಹಳೆಯ ವಿನ್ಯಾಸದ 4 ಕೋರ್, ಎರಡನೆಯದರಲ್ಲಿ ಅದಕ್ಕಿಂತ ಹೊಸ ವಿನ್ಯಾಸದ 6 ಕೋರ್ ಇವೆ. ಈ ಸಾಲಿನ ಸಂಖ್ಯೆಗಳಲ್ಲಿ ಮೂರನೆಯ ಅಂಕಿ ವಿನ್ಯಾಸದ ವಯಸ್ಸನ್ನು ಹೇಳುತ್ತದೆ. 2 ಹಳೆಯದು, 3, 4 ಆಮೇಲಿನವು. ಸೆಲೆರಾನ್ ಮುಂತಾದ ಹಗುರ ಪ್ರೊಸೆಸರ್‌ಗಳು ಸಣ್ಣ ಕೆಲಸಕ್ಕೆ ಮಾಡಿದವು. ಮೂರು ವರ್ಷದ ಡಿಗ್ರಿಯ ಭಾರ ಅವುಗಳ ಮೇಲೆ ಹೊರಿಸಬೇಡಿ.

ಪರದೆ: 1920×1080 ಅಳತೆ, ಐಪಿಎಸ್ ಆದರೆ ಕಣ್ಣಿಗೆ ಹಿತ. ಪಕ್ಕದಿಂದ ನೋಡಿದರೂ ಬಣ್ಣ ಕೆಡಬಾರದು.

ಬ್ಯಾಟರಿ ಮತ್ತು ತೂಕ: ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ಹೊಸ ಮಾತಲ್ಲ. ಬ್ಯಾಟರಿಯ ಸಾಮರ್ಥ್ಯವನ್ನು 'ವ್ಯಾಟ್ ಅವರ್' ಎಂದು ಬರೆದಿರುತ್ತಾರೆ. ಒಂದೇ ಬೆಲೆಯ ಎರಡರಲ್ಲಿ ಆ ಸಂಖ್ಯೆ ಹೆಚ್ಚಿರುವುದನ್ನು ಆರಿಸಿ. ತುರುವೇಕೆರೆಯಿಂದಲೋ ಚಿಕ್ಕನಾಯಕನಹಳ್ಳಿಯಿಂದಲೋ ದಿನಾ ಬಸ್ಸಿನಲ್ಲಿ ಓಡಾಡುವ ಮಗುವಿಗೆ ಒಂದೂವರೆ ಕಿಲೋ ಆಸುಪಾಸಿನದು ಒಳ್ಳೆಯದು.

ಸರ್ವಿಸ್: ವಾರಂಟಿ ಎಷ್ಟು ವರ್ಷ, ಕೆಟ್ಟರೆ ಮನೆಗೆ ಬರುತ್ತಾರೋ ಅಥವಾ ನಾವೇ ತುಮಕೂರಿಗೋ ಬೆಂಗಳೂರಿಗೋ ಹೊತ್ತೊಯ್ಯಬೇಕೋ ಎಂದು ಮೊದಲೇ ಕೇಳಿ. ಅಂಗಡಿಯ ಬೆಲೆ ಸಾವಿರ ರೂಪಾಯಿ ಹೆಚ್ಚಿದ್ದರೂ ಊರಿನಲ್ಲೇ ನೋಡಿಕೊಳ್ಳುವವರಿದ್ದರೆ ಅದು ನಷ್ಟವಲ್ಲ.

ಕೈ ಬದಲಾದ ಯಂತ್ರ

ಹೊಸದಕ್ಕೆ ಹಣ ಸಾಲದಿದ್ದರೆ ಕೆಟ್ಟ ಹೊಸದಕ್ಕಿಂತ ಒಳ್ಳೆಯ ಹಳೆಯದು ಮೇಲು. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನ ಯಂತ್ರಗಳನ್ನು ದುರಸ್ತಿ ಮಾಡಿ ಮಾರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆ ಇದಕ್ಕೆ ಹೆಸರಾದ ಪೇಟೆ. ಇವು ಕಚೇರಿಗೆಂದೇ ಗಟ್ಟಿಯಾಗಿ ಮಾಡಿದವು. ಆದರೆ ಇಂಟೆಲ್ ಎಂಟನೆಯ ಪೀಳಿಗೆಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ಅದಕ್ಕಿಂತ ಹಳೆಯ ಇಂಟೆಲ್ ಯಂತ್ರಗಳನ್ನು, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ.

ಹಣ ಕೊಡುವ ಮುನ್ನ ಕಾಲೇಜಿನಲ್ಲಿ ಓದುವ ಹುಡುಗ ಅಥವಾ ಹುಡುಗಿಯೊಬ್ಬರನ್ನು ಜೊತೆಗೆ ಕರೆದೊಯ್ದು ಇಷ್ಟು ಮಾಡಿಸಿ. ವಿಂಡೋಸ್‌ನಲ್ಲಿಯೇ ಸಿಗುವ ಬ್ಯಾಟರಿ ವರದಿ ತೆಗೆಸಿ, ಮೂಲ ಸಾಮರ್ಥ್ಯಕ್ಕೂ ಈಗಿನದಕ್ಕೂ ಹೋಲಿಸಿ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಎಸ್‌ಎಸ್‌ಡಿ ಆರೋಗ್ಯವನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಪ್ರತಿ ಕೀ ಒತ್ತಿ, ಕ್ಯಾಮೆರಾ, ವೈಫೈ, ಎಲ್ಲ ತೂತುಗಳನ್ನು ಪರೀಕ್ಷಿಸಿ. ಮುಚ್ಚಳದ ಕೀಲು ಸಡಿಲವೇ ನೋಡಿ. ಹಳೆಯ ಕಂಪನಿಯ ಪಾಸ್‌ವರ್ಡ್ ಬೀಗ ಉಳಿದಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ ಇಲ್ಲದ ಅಗ್ಗದ ಮಾಲು ಕದ್ದದ್ದಿರಬಹುದು. ಕದ್ದದ್ದೆಂದು ತಿಳಿದೂ ಕೊಳ್ಳುವುದು ಕಾನೂನಿನಲ್ಲಿ ಅಪರಾಧ, ದೀನ್‌ನಲ್ಲಿ ಪಾಪ.

ನಮ್ಮ ಯುವಕರಲ್ಲಿ ಈ ವ್ಯಾಪಾರ ಮಾಡುವವರೂ ಇದ್ದಾರೆ. ದೋಷವಿದ್ದರೆ ಬಾಯಿಬಿಟ್ಟು ಹೇಳಿ ಮಾರಿ. ದೋಷ ಮುಚ್ಚಿಟ್ಟ ಮಾಲನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಫಿಕ್ಹ್‌ನಲ್ಲಿದೆ. ದೇಶದ ಕಾನೂನಿನಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದಕ್ಕೂ ಬಿಲ್ ಬೇಕು.

"ಬಡ್ಡಿ ಇಲ್ಲದ" ಇಎಂಐ

ಈಗ ಆ ಸಹೋದರರ ಎರಡನೆಯ ಪ್ರಶ್ನೆ. ಲೆಕ್ಕ ಹೀಗೆ ನಡೆಯುತ್ತದೆ. ಲ್ಯಾಪ್‌ಟಾಪ್ ಬೆಲೆ 40,000, ಆರು ತಿಂಗಳ ಬಡ್ಡಿ 1,600 ಎಂದಿಟ್ಟುಕೊಳ್ಳಿ. ಅಂಗಡಿ 1,600 ರಿಯಾಯಿತಿ ತೋರಿಸಿ 38,400ಕ್ಕೆ ಮಾರುತ್ತದೆ. ಬ್ಯಾಂಕ್ ಆ 38,400 ಸಾಲ ಕೊಟ್ಟು, 1,600 ಬಡ್ಡಿ ಸೇರಿಸಿ ನಮ್ಮಿಂದ 40,000 ವಸೂಲಿ ಮಾಡುತ್ತದೆ. ಕ್ರೆಡಿಟ್ ಕಾರ್ಡ್ ಇಎಂಐ ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 288 ರೂಪಾಯಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ. ನಗದು ಕೊಟ್ಟವನಿಗೆ ಸಿಗಬಹುದಾಗಿದ್ದ ರಿಯಾಯಿತಿಯೂ ಕೈತಪ್ಪುತ್ತದೆ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಅಡಗಿಸಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಒಪ್ಪಂದದ ಕಾಗದದಲ್ಲಿ ಬಡ್ಡಿ ಎಂದು ಬರೆದಿದ್ದರೆ, ಹೊರಗಿನ ಬೋರ್ಡಿನಲ್ಲಿ ಏನೇ ಬರೆದಿರಲಿ, ಅದು ಬಡ್ಡಿಯ ಒಪ್ಪಂದ. ಅದಕ್ಕೆ ಸಹಿ ಹಾಕಬೇಡಿ.

ಹಾಗಾದರೆ ಬಡವನ ಮಗಳು ಓದಬಾರದೇ? ಖಂಡಿತ ಓದಬೇಕು. ದಾರಿಗಳಿವೆ. ಪರಿಚಯದ ಅಂಗಡಿಯವರು ಬೆಲೆಯನ್ನು ಮೊದಲೇ ಗೊತ್ತುಮಾಡಿ ತಾವೇ ಕಂತಿನಲ್ಲಿ ಕೊಡಬಹುದು. ಕಂತಿನ ಬೆಲೆ ನಗದಿಗಿಂತ ತುಸು ಹೆಚ್ಚಿದ್ದರೂ, ಮಾತು ಮುಗಿದ ಮೇಲೆ ಬೆಲೆ ಏರದಿದ್ದರೆ, ತಡವಾದಕ್ಕೆ ದಂಡ ಸೇರದಿದ್ದರೆ ಬಹುಪಾಲು ಉಲಮಾಗಳು ಅದನ್ನು ವ್ಯಾಪಾರವೆಂದೇ ಒಪ್ಪುತ್ತಾರೆ. ಕುಟುಂಬದವರು ಸೇರಿ ಕರ್ಝೆ ಹಸನಾ ಕೊಡಬಹುದು. ಬರೆದಿಟ್ಟುಕೊಳ್ಳಿ, ಸಾಕ್ಷಿ ಇರಲಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ಮರೆಯಬಾರದು. ಇನ್ನೂ ಆಗದಿದ್ದರೆ ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬ್‌ನಲ್ಲಿ ಸಾಗಿಸಿ, ಕೊಬ್ಬರಿ ಮಾರಿದ ಮೇಲೆ ಕೊಳ್ಳಿ. ಆರು ತಿಂಗಳು ಕಾಯುವುದು ಅವಮಾನವಲ್ಲ.

ಜಮಾಅತ್‌ಗಳಿಗೂ ಒಂದು ಮಾತು. ಮದುವೆ ಹಾಲಿನ ಅಲಂಕಾರಕ್ಕೆ ಚಂದಾ ಎತ್ತುತ್ತೇವೆ. ಓದುವ ಮಕ್ಕಳಿಗೆ ಸಾಲವಾಗಿ ಕೊಟ್ಟು ಕಂತಿನಲ್ಲಿ ಹಿಂಪಡೆಯುವ ಸಣ್ಣ ನಿಧಿಯೊಂದು ಪ್ರತಿ ಮಸೀದಿಯಲ್ಲಿದ್ದರೆ ಯಾರೂ ಆ ಕಾಗದಕ್ಕೆ ಸಹಿ ಹಾಕಬೇಕಿಲ್ಲ.

ತಂದ ಮೇಲೆ

ಕದ್ದ ತಂತ್ರಾಂಶ ತುಂಬಿಸಬೇಡಿ; ಅದು ಇನ್ನೊಬ್ಬರ ಹಕ್ಕು, ವೈರಸ್ಸಿಗೂ ಅದೇ ಬಾಗಿಲು. ಲಿಬ್ರೆ ಆಫೀಸ್ ಉಚಿತ. ಕನ್ನಡ ಕೀಲಿಮಣೆ ವಿಂಡೋಸ್‌ನಲ್ಲಿಯೇ ಇದೆ. ಟ್ಯಾಲಿಗೆ ಕಲಿಕೆಯ ಉಚಿತ ವಿಧಾನವಿದೆ. ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿಯ ದಾರಿ ಮುಚ್ಚುತ್ತದೆ. ನಾರಿನ ಧೂಳು ಏಳುವ ಕಡೆ ಇಡಬೇಡಿ. ವೋಲ್ಟೇಜ್ ಏರುಪೇರಾಗುವ ಮನೆಯಲ್ಲಿ ಸರ್ಜ್ ತಡೆಯುವ ಪ್ಲಗ್ ಹಾಕಿ. ಪ್ರಾಜೆಕ್ಟನ್ನು ಪೆನ್ ಡ್ರೈವ್‌ನಲ್ಲಿಯೂ ಒಂದು ಪ್ರತಿ ಇಡಿ.

ಕೊನೆಯದಾಗಿ, ಮನೆಗೆ ಒಂದೇ ಲ್ಯಾಪ್‌ಟಾಪ್ ಬಂದರೆ ಅದು ತಾನಾಗಿ ಅಣ್ಣನ ಪಾಲಾಗುತ್ತದೆ, ತಂಗಿಗೆ ಮೊಬೈಲ್ ಉಳಿಯುತ್ತದೆ. ಹೀಗೆ ಮಾಡಬೇಡಿ. ಗಂಟೆ ಹಂಚಿ ಗೋಡೆಗೆ ಬರೆದು ಅಂಟಿಸಿ. ಮಕ್ಕಳ ನಡುವೆ ನ್ಯಾಯ ಪಾಲಿಸುವುದು ನಮ್ಮ ಮೇಲಿನ ಹೊಣೆ.

ಆ ಸಹೋದರರು ಕೊನೆಗೆ ಇಎಂಐ ಬಿಟ್ಟರು. ಭಾವಮೈದುನನಿಂದ ಸ್ವಲ್ಪ ಕೈಸಾಲ ಪಡೆದು, ಬಿಸಿಎ ಓದುವ ನೆರೆಮನೆಯ ಹುಡುಗಿಯನ್ನು ಮಗಳೊಂದಿಗೆ ಕರೆದೊಯ್ದು ಬಳಸಿದ ಯಂತ್ರವೊಂದನ್ನು ತಂದರು. ಕಳೆದ ಶುಕ್ರವಾರ ಸಿಕ್ಕಾಗ "ಕೀಲು ಸಹ ಅಲ್ಲಾಡಿಸಿ ನೋಡಿದ್ವಿ ಹಜ್ರತ್" ಎಂದು ನಕ್ಕರು.

ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ, ಅದಕ್ಕಾಗಿ ಖರ್ಚಾಗುವ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.