ವ್ಯಾಪಾರ ಎಂದರೆ ಬರೀ ಮಾರಾಟವೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ವರ್ಷವರ್ಷವೂ ಏಳುವ ಪ್ರಶ್ನೆಯೊಂದುಂಟು. ಕೊನೆಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಚೀಲ ಸೇರಿದೆ. ಅದನ್ನು ಈಗಲೇ ಮಂಡಿಗೆ ಕಳಿಸುವುದೋ, ಧಾರಣೆ ಏರೀತೆಂದು ಮನೆಯಲ್ಲೇ ಇಟ್ಟುಕೊಳ್ಳುವುದೋ? ಕೊಟ್ಟವನು ಜಾಣನೋ, ಇಟ್ಟವನು ಜಾಣನೋ?

ಬೈಬಲ್ಲಿನ ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಇಂಥದೇ ಪ್ರಶ್ನೆಯ ಕಥೆಯಿದೆ. ದೂರದೇಶಕ್ಕೆ ಹೊರಟ ಶ್ರೀಮಂತನೊಬ್ಬ ಹತ್ತು ಮಂದಿ ಆಳುಗಳಿಗೆ ತಲಾ ಒಂದು 'ಮಿನಾ' ಹಣ ಕೊಟ್ಟು, ತಾನು ಬರುವತನಕ ಅದರಿಂದ ವ್ಯಾಪಾರ ಮಾಡಿಕೊಂಡಿರಲು ಹೇಳುತ್ತಾನೆ. ಮಿನಾ ಎಂದರೆ ನೂರು ದ್ರಾಕ್ಮ. ಕೂಲಿಯವನ ಮೂರು ತಿಂಗಳಿಗೂ ಮೀರಿದ ದುಡಿಮೆ. ಒಬ್ಬ ಅದನ್ನು ಹತ್ತಾಗಿಸಿದ, ಇನ್ನೊಬ್ಬ ಐದಾಗಿಸಿದ. ಮತ್ತೊಬ್ಬ ಯಜಮಾನನಿಗೆ ಹೆದರಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟು, ಬೈಸಿಕೊಂಡ.

ಇಲ್ಲಿ 'ವ್ಯಾಪಾರ ಮಾಡಿ' ಎಂಬುದಕ್ಕೆ ಮೂಲ ಗ್ರೀಕಿನಲ್ಲಿರುವ ಕ್ರಿಯಾಪದ 'ಪ್ರಾಗ್ಮತೆವೊಮಾಯ್'. ಇದರ ಬೇರು 'ಪ್ರಾಗ್ಮ', ಎಂದರೆ ಮಾಡಿದ ಕೆಲಸ, ಕಾರ್ಯ. ಕೊಳ್ಳುವುದು, ಮಾರುವುದು ಎಂಬ ಅರ್ಥ ಅದರ ಬೇರಿನಲ್ಲಿಲ್ಲ. ಕಾರ್ಯದಲ್ಲಿ ತೊಡಗುವುದೇ ಮೊದಲ ಅರ್ಥ.

ಕನ್ನಡ ಬೈಬಲ್ ಇಲ್ಲಿ 'ವ್ಯಾಪಾರ' ಎಂದೇ ಬಳಸಿರುವುದು ಸೊಗಸಾಗಿ ಹೊಂದುತ್ತದೆ. ಸಂಸ್ಕೃತದಲ್ಲಿ ವ್ಯಾಪಾರವೆಂದರೆ ಚಟುವಟಿಕೆ, ತೊಡಗಿಕೊಳ್ಳುವಿಕೆ. ನಾವು ಇಂದಿಗೂ 'ಮನೋವ್ಯಾಪಾರ' ಎನ್ನುತ್ತೇವೆ. ಅಲ್ಲಿ ತಕ್ಕಡಿಯೂ ಇಲ್ಲ, ಲಾಭನಷ್ಟವೂ ಇಲ್ಲ. ಹಳಗನ್ನಡದಲ್ಲಿ ಕೊಳುಕೊಡೆಗೆ 'ಪರದು' ಎಂಬ ಬೇರೆಯೇ ಮಾತಿತ್ತು. ಅದು ಮರೆಯಾಗಿ, 'ವ್ಯಾಪಾರ' ಅಂಗಡಿಗೆ ಬಂದು ಕೂತಿತು.

ಹಿಂದಿನ ವರ್ತಕರ ಕಾರ್ಯವೂ ಅಂಗಡಿಗೆ ಮುಗಿಯುತ್ತಿರಲಿಲ್ಲ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಕಾಲದ, 1062ರ ಶಾಸನ 'ಪಟ್ಟಣಸ್ವಾಮಿ' ನೊಕ್ಕಯ್ಯ ಸೆಟ್ಟಿಯನ್ನು ಹೆಸರಿಸುತ್ತದೆ. ಪಟ್ಟಣಸ್ವಾಮಿಯೆಂದರೆ ಪೇಟೆಯ ವರ್ತಕರ ಮುಖ್ಯಸ್ಥ. ಆತ ಕಟ್ಟಿಸಿದ ಬಸದಿಗೆ ಅವನ ಪದವಿಯ ಹೆಸರೇ ಬಂತು.

ಹಾಗಾದರೆ ಅಡಿಕೆಯನ್ನು ಮನೆಯಲ್ಲಿಟ್ಟ ಬೆಳೆಗಾರ ಆ ಬಟ್ಟೆಗಂಟಿನ ಆಳಿನಂತೆಯೇ? ಹಾಗೆನ್ನಲಾಗದು. ಲೆಕ್ಕ ಹಾಕಿ ಕಾಯುವುದೂ ಒಂದು ಕಾರ್ಯವೇ. ಆಳಿನ ತಪ್ಪು ಹಣ ಇಟ್ಟುಕೊಂಡದ್ದಲ್ಲ. ಹೆದರಿ ಕೈಕಟ್ಟಿ ಕೂತದ್ದು.

ಆದರೆ ಕಾಯುವುದಕ್ಕೂ ಸ್ವಾತಂತ್ರ್ಯ ಬೇಕು. ಮಲೆನಾಡಿನಲ್ಲಿ ಮಂಡಿಯೇ ಬೆಳೆಗಾರನ ಬ್ಯಾಂಕೂ ಆಗಿತ್ತು. ಮಳೆಗಾಲದ ಖರ್ಚಿಗೆ, ಮದುವೆಗೆ, ಔಷಧಿಗೆ ಅಲ್ಲಿಂದ ಮುಂಗಡ ತಂದವನು ಫಸಲನ್ನು ಅಲ್ಲಿಗೇ ಹಾಕಬೇಕು. ಕೊನೆ ಇಳಿಯುವ ಮೊದಲೇ ಮಾತು ಮುಗಿದಿರುತ್ತಿತ್ತು. ಬೆಳೆ ಅವನದು, ತೀರ್ಮಾನ ಇನ್ನೊಬ್ಬರದು. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಎಂದರೆ 'ಮ್ಯಾಮ್‌ಕೋಸ್', ಹುಟ್ಟಿದ್ದರ ಮಹತ್ವ ಇಲ್ಲಿದೆ. ಬೆಳೆಗಾರರು ತಾವೇ ಒಟ್ಟುಗೂಡಿ ಮಾರಾಟಕ್ಕಿಳಿದಾಗ 'ವ್ಯಾಪಾರ'ದ ಹಳೆಯ ಅರ್ಥ ಮರಳಿ ಬಂದಂತಾಯಿತು: ತನ್ನ ಕಾರ್ಯದಲ್ಲಿ ತಾನೇ ತೊಡಗುವುದು.

ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಇದೇ ಬೇರಿನ 'ಪ್ರಾಗ್ಮತೆಯಾ' ಎಂಬ ನಾಮಪದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಬರುತ್ತದೆ. ದಂಡಿನಲ್ಲಿರುವವನು ಲೋಕದ ವ್ಯವಹಾರಗಳಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಎಂಬ ಎಚ್ಚರಿಕೆ ಅಲ್ಲಿಯದು. ಒಂದೆಡೆ ತೊಡಗು ಎನ್ನುವ ಮಾತೇ ಇನ್ನೊಂದೆಡೆ ತೊಡರಬೇಡ ಎನ್ನುತ್ತದೆ. ನಮ್ಮಲ್ಲೂ 'ಆತ ವ್ಯವಹಾರಸ್ಥ' ಎಂದರೆ ಅದು ಹೊಗಳಿಕೆಯೂ ಹೌದು, ಹುಷಾರು ಎಂಬ ಸೂಚನೆಯೂ ಹೌದು. ಯಾವುದೆಂಬುದು ಹೇಳುವವರ ದನಿಯಲ್ಲೇ ತಿಳಿಯಬೇಕು.